ಕೂಡುವ ಬ್ರೇಕು, ಹೊಂದುವ ಬ್ರೇಕು

ಒಂದು ಕಂಪನಿಯ ಕಾರಿಗೆ ಇನ್ನೊಂದು ಕಂಪನಿಯ ಕಾರಿನಿಂದ ಬಿಚ್ಚಿ ತಂದ ಬ್ರೇಕ್ ಕ್ಯಾಲಿಪರನ್ನು ಕೂಡಿಸಿ, ಗಾಡಿ ಮೊದಲಿಗಿಂತ ಬೇಗ ನಿಲ್ಲುವಂತೆ ಮಾಡಿಕೊಳ್ಳುವ ಪ್ರಯತ್ನ ಹೊಸದಲ್ಲವಾದರೂ, ಅದು ಎಷ್ಟು ಸಲೀಸಾಗಿ ಕೈಗೂಡುತ್ತದೆ ಎಂಬುದು ಆಯಾ ಊರಿನ ಕಸುಬುದಾರಿಕೆಯನ್ನು ಅವಲಂಬಿಸಿರುತ್ತದೆ. ನವಿ ಮುಂಬಯಿಯಲ್ಲಿ ಥಾಣೆ–ಬೇಲಾಪುರ ರಸ್ತೆಯ ಉದ್ದಕ್ಕೂ ಹಬ್ಬಿರುವ ಎಂಐಡಿಸಿ ಕೈಗಾರಿಕಾ ಪ್ರದೇಶದ ತುರ್ಭೆ, ಪಾವಣೆ, ಮಹಾಪೆ, ರಬಾಳೆಗಳಲ್ಲಿ ಲೇತು, ಮಿಲ್ಲಿಂಗ್ ಯಂತ್ರಗಳನ್ನಿಟ್ಟುಕೊಂಡು, ನಕ್ಷೆ ಕೊಟ್ಟರೆ ಯಾವ ಲೋಹದ ತುಂಡನ್ನಾದರೂ ಕಡೆದು ಕೊಡುವ ಸಣ್ಣ ಗಾಳಾಗಳು, ಅಂದರೆ ಕಿರು ವರ್ಕ್‌ಶಾಪುಗಳು, ಇವೆ. ಸಮುದ್ರದ ಖಾರಿ ದಾಟಿ ಮುಂಬಯಿಗೆ ಹೋದರೆ ಕುರ್ಲಾದಲ್ಲಿ ಹಳೆಯ ಕಾರುಗಳ ಬಿಡಿಭಾಗಗಳ ಪೇಟೆಯಿದೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯೂ ಪೀಣ್ಯವೂ ಸೇರಿ ಒದಗಿಸುವ ಅನುಕೂಲವೇ ಇಲ್ಲಿಯವರಿಗೂ ಇದೆ. ಆದ್ದರಿಂದ ಕ್ಯಾಲಿಪರ್ ಕೂಡುತ್ತದೆಯೇ ಎಂದು ಕೇಳಿದರೆ ಇಂಥ ಕಡೆ ಸಿಗುವ ಉತ್ತರ ಬಹುಮಟ್ಟಿಗೆ ‘ಕೂಡುತ್ತದೆ’ ಎಂದೇ. ಅದು ಆ ಕಾರಿಗೆ ಹೊಂದುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಲೇತಿನ ಮೇಲೆ ಸಿಗುವುದಿಲ್ಲ, ಲೆಕ್ಕದಿಂದಲೂ ಪರೀಕ್ಷೆಯಿಂದಲೂ ಮಾತ್ರ ಸಿಗುತ್ತದೆ. ಬೇರೆ ಕಾರಿನ ಕ್ಯಾಲಿಪರ್ ಹಾಕಿದ ಕ್ಷಣದಲ್ಲಿ ಕಾರಿನ ಬ್ರೇಕ್ ವ್ಯವಸ್ಥೆ ಮರುವಿನ್ಯಾಸಗೊಂಡಂತೆಯೇ ಸರಿ. ಹಾಗಿರುವಾಗ ಮೂಲ ತಯಾರಕರು ಹೊತ್ತಿದ್ದ ವಿನ್ಯಾಸದ ಹೊಣೆಯನ್ನು ಇನ್ನು ಮುಂದೆ ಹೊರುವವರು ಯಾರು ಎಂಬುದೇ ಇಲ್ಲಿನ ಮುಖ್ಯ ವಿಚಾರ.

ಡಿಸ್ಕ್ ಬ್ರೇಕಿನ ರಚನೆ ತಿಳಿಯದೆ ಈ ಚರ್ಚೆ ಮುಂದುವರಿಯದು. ಚಕ್ರದ ಜೊತೆಗೆ ತಿರುಗುವ ಬೀಡುಕಬ್ಬಿಣದ ತಟ್ಟೆಯೇ ಡಿಸ್ಕ್. ಅದರ ಅಂಚನ್ನು ಎರಡೂ ಕಡೆಯಿಂದ ಆವರಿಸಿ, ತಾನು ತಿರುಗದೆ ಒಂದೆಡೆ ನಿಂತು, ಒಳಗಿನ ಪಿಸ್ಟನ್ನುಗಳ ಮೂಲಕ ಬ್ರೇಕ್ ಪ್ಯಾಡುಗಳನ್ನು ಡಿಸ್ಕಿನ ಎರಡೂ ಮೈಗೆ ಒತ್ತುವ ಭಾಗವೇ ಕ್ಯಾಲಿಪರ್. ಚಾಲಕ ಪೆಡಲ್ ತುಳಿದಾಗ ಬೂಸ್ಟರ್ ಆ ಬಲವನ್ನು ಹಿಗ್ಗಿಸುತ್ತದೆ, ಮಾಸ್ಟರ್ ಸಿಲಿಂಡರ್ ಅದನ್ನು ಬ್ರೇಕ್ ಆಯಿಲಿನ ಒತ್ತಡವಾಗಿ ಮಾರ್ಪಡಿಸುತ್ತದೆ, ಆ ಒತ್ತಡ ಪೈಪುಗಳ ಮೂಲಕ ನಾಲ್ಕೂ ಚಕ್ರಗಳಿಗೆ ಹೋಗುತ್ತದೆ. ಸಾಮಾನ್ಯ ಕಾರುಗಳಲ್ಲಿ ಇರುವುದು ಜಾರುವ ಕ್ಯಾಲಿಪರ್: ಅದರ ಒಳಬದಿಯಲ್ಲಿ ಒಂದೇ ಪಿಸ್ಟನ್ ಇದ್ದು, ಅದು ಒಳಗಿನ ಪ್ಯಾಡನ್ನು ತಳ್ಳಿದಾಗ ಕ್ಯಾಲಿಪರಿನ ಮೈ ತನ್ನ ಪಿನ್ನುಗಳ ಮೇಲೆ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನೂ ಡಿಸ್ಕಿಗೆ ಎಳೆದು ಒತ್ತುತ್ತದೆ. ವೇಗದ ಅಥವಾ ಭಾರದ ಕಾರುಗಳಲ್ಲಿ ಕಾಣುವ ಸ್ಥಿರ ಕ್ಯಾಲಿಪರಿನಲ್ಲಿ ಮೈ ಜಾರುವುದಿಲ್ಲ. ಎರಡೂ ಬದಿಗೆ ಪಿಸ್ಟನ್ನುಗಳಿರುತ್ತವೆ. ‘ನಾಲ್ಕು ಪಿಸ್ಟನ್ನಿನದು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದು ಇದನ್ನೇ.

ಹೆಚ್ಚಿನ ಮಾಲೀಕರು ಇಂಥ ಕ್ಯಾಲಿಪರಿನಿಂದ ನಿರೀಕ್ಷಿಸುವುದು ಒಂದೇ: ತುರ್ತಿನಲ್ಲಿ ಒಮ್ಮೆ ತುಳಿದಾಗ ಕಾರು ಕಡಿಮೆ ದೂರದಲ್ಲಿ ನಿಲ್ಲಬೇಕು. ಈ ನಿರೀಕ್ಷೆ ಬಹುತೇಕ ಸಂದರ್ಭಗಳಲ್ಲಿ ತಪ್ಪು ತಿಳಿವಳಿಕೆಯ ಮೇಲೆ ನಿಂತಿದೆ. ಕಾರನ್ನು ಕೊನೆಗೆ ನಿಲ್ಲಿಸುವುದು ರಸ್ತೆಗೂ ಟಯರಿಗೂ ನಡುವಿನ ಘರ್ಷಣೆ. ಬ್ರೇಕು ಚಕ್ರವನ್ನು ಹಿಡಿಯಬಲ್ಲದೇ ಹೊರತು ರಸ್ತೆಯನ್ನು ಹಿಡಿಯಲಾರದು. ಕಾರಿನ ಮೂಲ ಬ್ರೇಕು ಜೋರಾಗಿ ತುಳಿದಾಗ ಚಕ್ರವನ್ನು ಲಾಕ್ ಮಾಡುವಷ್ಟು, ಅಥವಾ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಮಿಡಿಯುವಷ್ಟು ಬಲವಾಗಿದ್ದರೆ, ಟಯರಿನ ಹಿಡಿತ ಆಗಲೇ ಪೂರ್ತಿ ಬಳಕೆಯಾಗಿದೆ ಎಂದೇ ಅರ್ಥ. ಅದರ ಮೇಲೆ ಎಷ್ಟು ದೊಡ್ಡ ಕ್ಯಾಲಿಪರ್ ಕೂಡಿಸಿದರೂ ನಿಲ್ಲುವ ದೂರ ಕಡಿಮೆಯಾಗುವುದಿಲ್ಲ. ಘರ್ಷಣೆಯ ಗುಣಾಂಕ 0.8 ಇರುವ ಒಣ ಡಾಂಬರು ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದ ಕಾರು ನಿಲ್ಲಲು ಬೇಕಾಗುವ ಕನಿಷ್ಠ ದೂರ ಸುಮಾರು 31 ಮೀಟರ್. ಮಳೆಯಲ್ಲಿ ಆ ಗುಣಾಂಕ 0.5ಕ್ಕೆ ಇಳಿದರೆ ಅದೇ ದೂರ 50 ಮೀಟರಿಗೆ ಏರುತ್ತದೆ. ವರ್ಷಕ್ಕೆ 2,000 ಮಿ.ಮೀ. ಮೀರಿ ಮಳೆ ಸುರಿಯುವ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ರಸ್ತೆ ಒಣಗುವುದೇ ಅಪರೂಪವಾದ ಈ ಕರಾವಳಿಯಲ್ಲಿ, ಪಾಮ್ ಬೀಚ್ ರಸ್ತೆಯಲ್ಲೋ ಸಾಯನ್–ಪನ್ವೇಲ್ ಹೆದ್ದಾರಿಯಲ್ಲೋ ಓಡುವ ಕಾರಿಗೆ ಹೊಸ ಕ್ಯಾಲಿಪರಿಗಿಂತ ಮೊದಲು ಬೇಕಾದುದು ಸವೆಯದ ಒಳ್ಳೆಯ ಟಯರು. ಇದು ಬ್ರೇಕ್ ವಿಷಯದಲ್ಲಿ ಯಾರಿಗೂ ರುಚಿಸದ, ಆದರೆ ಎಲ್ಲಕ್ಕಿಂತ ಉಪಯುಕ್ತವಾದ ಮಾತು.

ಹಾಗಾದರೆ ದೊಡ್ಡ ಬ್ರೇಕಿನಿಂದ ಪ್ರಯೋಜನವೇ ಇಲ್ಲವೆಂದೇ? ಇದೆ, ಅದು ಬಿಸಿಯ ವಿಷಯದಲ್ಲಿ. ಬ್ರೇಕು ಮಾಡುವ ಕೆಲಸವೆಂದರೆ ಕಾರಿನ ಚಲನಶಕ್ತಿಯನ್ನು ಬಿಸಿಯನ್ನಾಗಿ ಪರಿವರ್ತಿಸಿ ಗಾಳಿಗೆ ಬಿಡುವುದು. ಡಿಸ್ಕ್ ಬ್ರೇಕಿಗೆ ಫ್ರೆಡರಿಕ್ ಲ್ಯಾಂಚೆಸ್ಟರ್ ಇಂಗ್ಲೆಂಡಿನಲ್ಲಿ 1902ರಲ್ಲೇ ಪೇಟೆಂಟ್ ಪಡೆದಿದ್ದರೂ, ಅದರ ಮಹತ್ವ ಲೋಕಕ್ಕೆ ಮನವರಿಕೆಯಾದದ್ದು 1953ರ ಲ ಮಾನ್ ಓಟದಲ್ಲಿ ಡನ್‌ಲಪ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದಾಗ. 24 ಗಂಟೆಗಳ ಆ ಓಟದಲ್ಲಿ ಮತ್ತೆ ಮತ್ತೆ ಅತಿವೇಗದಿಂದ ನಿಧಾನಿಸಬೇಕಾದಾಗ ಡ್ರಮ್ ಬ್ರೇಕುಗಳು ಕಾದು ಸೋಲುತ್ತಿದ್ದವು, ಡಿಸ್ಕುಗಳು ಸೋಲಲಿಲ್ಲ. ನವಿ ಮುಂಬಯಿಯ ಕಾರಿಗೆ ಇಂಥ ಪರೀಕ್ಷೆ ಎದುರಾಗುವುದು ಬೋರ್ ಘಾಟಿನಲ್ಲಿ. ಬೆಳಗಾವಿ, ವಿಜಯಪುರ, ಹುಬ್ಬಳ್ಳಿಗಳ ಕಡೆಯ ತಮ್ಮ ಊರಿಗೆ ಹೋಗಿ ಪುಣೆಯ ಮೇಲಿಂದ ಮರಳುವ ಕನ್ನಡ ಕುಟುಂಬದ ಕಾರು ಲೋಣಾವಳದ ಸುಮಾರು 620 ಮೀಟರ್ ಎತ್ತರದಿಂದ ಖೋಪೋಲಿಯ ತಪ್ಪಲಿಗೆ ಕೆಲವೇ ಕಿಲೋಮೀಟರುಗಳಲ್ಲಿ 550 ಮೀಟರಿನಷ್ಟು ಇಳಿಯುತ್ತದೆ. ಜನ, ಸಾಮಾನು ಸೇರಿ 1,300 ಕಿಲೋ ತೂಗುವ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖ ಸುಮಾರು 500 ಕಿಲೋಜೂಲ್. ಅದೇ ಕಾರು ಘಾಟಿಯಿಳಿದಾಗ ಎಲ್ಲಿಯಾದರೂ ಖರ್ಚಾಗಲೇಬೇಕಾದ ಶಕ್ತಿ ಸುಮಾರು 7,000 ಕಿಲೋಜೂಲ್, ಅಂದರೆ ಅಂಥ ಹದಿನಾಲ್ಕು ನಿಲುಗಡೆಗಳಿಗೆ ಸಮ. ಕೆಳಗಿನ ಗೇರಿನಲ್ಲಿ ಇಳಿಯುವ ಚಾಲಕ ಇದರ ದೊಡ್ಡ ಪಾಲನ್ನು ಇಂಜಿನ್ನಿಗೆ ವಹಿಸುತ್ತಾನೆ. ಟಾಪ್ ಗೇರಿನಲ್ಲೋ ನ್ಯೂಟ್ರಲ್‌ನಲ್ಲೋ ಪೆಡಲ್ ಅದುಮಿಕೊಂಡೇ ಇಳಿಯುವವನು ಅದರ ಬಹುಪಾಲನ್ನು ಡಿಸ್ಕುಗಳ ಮೇಲೆ ಹೇರುತ್ತಾನೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ, ಆ ಬಿಸಿಯನ್ನು ಹೊರುವುದು ಡಿಸ್ಕೇ ಹೊರತು ಕ್ಯಾಲಿಪರಲ್ಲ. 1,000 ಕಿಲೋ ತೂಕದ ಕಾರಿನ ಒಂದು ನಿಲುಗಡೆಯಲ್ಲಿ ಮುಂದಿನ ಒಂದೊಂದು ಡಿಸ್ಕಿಗೆ ಸುಮಾರು 150 ಕಿಲೋಜೂಲ್ ಶಾಖ ಬರುತ್ತದೆ ಎಂದಿಟ್ಟುಕೊಂಡರೆ, 5 ಕಿಲೋ ತೂಕದ ಡಿಸ್ಕು ಆ ಒಂದೇ ನಿಲುಗಡೆಗೆ 65 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯುತ್ತದೆ, 7 ಕಿಲೋ ತೂಕದ್ದು 47 ಡಿಗ್ರಿ ಮಾತ್ರ ಕಾಯುತ್ತದೆ. ಮೂಲ ಡಿಸ್ಕನ್ನೇ ಉಳಿಸಿಕೊಂಡು ಅದರ ಮೇಲೆ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ಕೂಡಿಸಿದವರು ಘಾಟಿಯಲ್ಲಿ ಪಡೆಯುವುದು ಅತ್ಯಲ್ಪ. ಕಾದ ಬ್ರೇಕು ಸೋಲುವುದು ಎರಡು ಬಗೆಯಲ್ಲಿ: ಪ್ಯಾಡಿನ ಘರ್ಷಣೆ ಕುಗ್ಗಿ ಪೆಡಲ್ ಗಟ್ಟಿಯಾಗಿದ್ದರೂ ಕಾರು ನಿಲ್ಲದಿರುವುದು ಒಂದು, ಬ್ರೇಕ್ ಆಯಿಲ್ ಕುದಿದು ಆವಿಯಾಗಿ ಪೆಡಲ್ ನೆಲಕ್ಕೆ ಇಳಿದುಬಿಡುವುದು ಇನ್ನೊಂದು. ಎರಡನೆಯದು ಹೆಚ್ಚು ಭೀಕರ, ಮತ್ತು ಅದನ್ನು ತಪ್ಪಿಸುವುದು ಎಲ್ಲಕ್ಕಿಂತ ಅಗ್ಗ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದಿರಬೇಕು, ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಟ್ಟ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4 ದರ್ಜೆಗೆ ಈ ಅಂಕಿಗಳು 230 ಮತ್ತು 155. ತೇವ ತುಂಬಿದ ಖಾರಿಯ ಗಾಳಿಯಲ್ಲಿ ವರ್ಷಗಟ್ಟಲೆ ಬದಲಿಸದೆ ಬಿಟ್ಟ ಆಯಿಲನ್ನೇ ಹೊಸ ಕ್ಯಾಲಿಪರಿಗೂ ತುಂಬಿಸುವ ಮಾಲೀಕರು, ಸಾವಿರಾರು ರೂಪಾಯಿ ಸುರಿದೂ ಕೆಲವು ನೂರು ರೂಪಾಯಿಯ ಕೆಲಸವನ್ನು ಬಿಟ್ಟಿರುತ್ತಾರೆ. ಒಳ್ಳೆಯ ಟಯರು, ಹೊಸ ಆಯಿಲ್, ಉತ್ತಮ ದರ್ಜೆಯ ಪ್ಯಾಡು, ಬಿರುಕು ಬಿಡದ ಹೋಸ್ ಪೈಪು, ಸಲೀಸಾಗಿ ಜಾರುವ ಕ್ಯಾಲಿಪರ್ ಪಿನ್ನು ಇಷ್ಟನ್ನು ಸರಿಪಡಿಸಿದ ಮೇಲೂ ಕಾರಿನ ಬ್ರೇಕು ಸಾಲದೆಂದು ಕಂಡರೆ ಮಾತ್ರ ಮುಂದಿನ ಹೆಜ್ಜೆಗೆ ಅರ್ಥವಿರುತ್ತದೆ.

ಮುಂದಿನ ಹೆಜ್ಜೆ ಇಡುವವರು ಮೊದಲು ಎಡವುವುದು ಪಿಸ್ಟನ್ನುಗಳ ಎಣಿಕೆಯಲ್ಲಿ. 54 ಮಿ.ಮೀ. ವ್ಯಾಸದ ಒಂದೇ ಪಿಸ್ಟನ್ನಿನ ಜಾರುವ ಕ್ಯಾಲಿಪರಿನಲ್ಲಿ ಪಿಸ್ಟನ್ನಿನ ವಿಸ್ತೀರ್ಣ 22.9 ಚದರ ಸೆಂ.ಮೀ.; 40 ಮಿ.ಮೀ. ವ್ಯಾಸದ ನಾಲ್ಕು ಪಿಸ್ಟನ್ನುಗಳ ಸ್ಥಿರ ಕ್ಯಾಲಿಪರಿನಲ್ಲಿ ಒಟ್ಟು ವಿಸ್ತೀರ್ಣ 50.3 ಚದರ ಸೆಂ.ಮೀ. ಇವೆರಡನ್ನು ನೇರವಾಗಿ ಹೋಲಿಸಿ ಬಲ ಇಮ್ಮಡಿಗಿಂತ ಹೆಚ್ಚಾಯಿತೆಂದು ಲೆಕ್ಕ ಹಾಕುವುದು ಸಾಮಾನ್ಯ ತಪ್ಪು. ಸ್ಥಿರ ಕ್ಯಾಲಿಪರಿನಲ್ಲಿ ಒಂದು ಬದಿಯ ಪಿಸ್ಟನ್ನುಗಳು ಒತ್ತುವುದು ಇನ್ನೊಂದು ಬದಿಯ ಪಿಸ್ಟನ್ನುಗಳ ಎದುರೊತ್ತಿಗೆ. ಜಾರುವ ಕ್ಯಾಲಿಪರಿನಲ್ಲಿ ಆ ಎದುರೊತ್ತನ್ನು ಕ್ಯಾಲಿಪರಿನ ಮೈಯೇ ಒದಗಿಸುತ್ತದೆ. ಆದ್ದರಿಂದ ಎರಡರಲ್ಲೂ ಎಣಿಸಬೇಕಾದುದು ಒಂದು ಬದಿಯ ವಿಸ್ತೀರ್ಣವನ್ನು ಮಾತ್ರ: 22.9ರ ಎದುರು 25.1, ಅಂದರೆ ಹೆಚ್ಚಳ ಶೇ. 10ರಷ್ಟು. ಅದಕ್ಕೂ ದೊಡ್ಡ ಪಿಸ್ಟನ್ನುಗಳಿರುವ, ಭಾರದ ಎಸ್‌ಯುವಿಯ ಕ್ಯಾಲಿಪರ್ ತಂದರೆ ಬಲವೇನೋ ಹೆಚ್ಚುತ್ತದೆ, ಆದರೆ ಆ ಪಿಸ್ಟನ್ನುಗಳನ್ನು ತಳ್ಳಲು ಬೇಕಾದ ಆಯಿಲೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಮಾಸ್ಟರ್ ಸಿಲಿಂಡರ್ ಹಳೆಯದೇ ಆಗಿರುವುದರಿಂದ ಪೆಡಲ್ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಪೆಡಲ್ ಮೆತ್ತಗಾಯಿತೆಂದು ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿದರೆ ಆಳ ಕಡಿಮೆಯಾಗುತ್ತದೆ, ಜೊತೆಗೆ ಅದೇ ತುಳಿತಕ್ಕೆ ಸಿಗುವ ಒತ್ತಡವೂ ಕಡಿಮೆಯಾಗಿ ಗಳಿಸಿದ ಬಲದ ಒಂದು ಪಾಲು ಕೈತಪ್ಪುತ್ತದೆ. ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಇಂದಿನ ಕಾರುಗಳಲ್ಲಿ ಬ್ರೇಕ್ ಆಯಿಲ್ ಎರಡು ಪ್ರತ್ಯೇಕ ಸರ್ಕ್ಯೂಟುಗಳಲ್ಲಿ ಹರಿಯುತ್ತದೆ. ಒಂದು ಸೋರಿ ಖಾಲಿಯಾದರೂ ಇನ್ನೊಂದು ಕಾರನ್ನು ನಿಲ್ಲಿಸಬೇಕು. ಒಂದು ಸರ್ಕ್ಯೂಟ್ ಸೋತಾಗ ಪೆಡಲ್ ಹೇಗೂ ಅರ್ಧದಷ್ಟು ಆಳಕ್ಕೆ ಇಳಿದಿರುತ್ತದೆ. ಉಳಿದ ಆಳದಲ್ಲಿ ದೊಡ್ಡ ಕ್ಯಾಲಿಪರನ್ನು ತುಂಬುವಷ್ಟು ಆಯಿಲ್ ತಳ್ಳಲಾಗದಿದ್ದರೆ, ಆಪತ್ತಿಗೆಂದೇ ಇಟ್ಟಿದ್ದ ಎರಡನೆಯ ಸರ್ಕ್ಯೂಟ್ ಇದ್ದೂ ಇಲ್ಲದಂತಾಗುತ್ತದೆ. ದಿನನಿತ್ಯದ ಓಡಾಟದಲ್ಲಿ ಈ ದೋಷ ಎಂದೂ ಬಯಲಾಗುವುದಿಲ್ಲ.

ಇಡೀ ವಿಷಯದ ತಿರುಳಿರುವುದು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಬ್ರೇಕಿನ ಹಂಚಿಕೆಯಲ್ಲಿ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. 1,000 ಕಿಲೋ ತೂಕದ, ನಿಂತಾಗ 600 ಕಿಲೋ ಮುಂದೆಯೂ 400 ಕಿಲೋ ಹಿಂದೆಯೂ ಹೊರುವ, ಮುಂದಿನ ಹಿಂದಿನ ಚಕ್ರಗಳ ನಡುವೆ 2.4 ಮೀಟರ್ ಅಂತರವಿರುವ, ಗುರುತ್ವಕೇಂದ್ರ ನೆಲದಿಂದ 0.55 ಮೀಟರ್ ಎತ್ತರದಲ್ಲಿರುವ ಸಣ್ಣ ಕಾರೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಣ ರಸ್ತೆಯಲ್ಲಿ 0.8 ಗುರುತ್ವದಷ್ಟು ಜೋರಾಗಿ ನಿಧಾನಿಸುವಾಗ ಅದರ ಹಿಂಭಾಗದಿಂದ 183 ಕಿಲೋ ಮುಂದಕ್ಕೆ ವರ್ಗವಾಗಿ, ಮುಂದೆ 783, ಹಿಂದೆ 217 ಕಿಲೋ ಉಳಿಯುತ್ತದೆ. ಅಂದರೆ ಆ ಕ್ಷಣಕ್ಕೆ ಬ್ರೇಕಿನ ಬಲವೂ ಸುಮಾರು 78ಕ್ಕೆ 22ರಂತೆ ಹಂಚಿಕೆಯಾದರೆ ನಾಲ್ಕೂ ಟಯರುಗಳ ಹಿಡಿತ ಪೂರ್ತಿ ಬಳಕೆಯಾಗುತ್ತದೆ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ಗಿರಕಿ ಹೊಡೆಯುತ್ತದೆಯಾದ್ದರಿಂದ, ತಯಾರಕರು ಸ್ವಲ್ಪ ಪಾಲನ್ನು ಮುಂದಕ್ಕೇ ಹೆಚ್ಚಿಗೆ ಕೊಟ್ಟು, ಉದಾಹರಣೆಗೆ 80ಕ್ಕೆ 20ರಂತೆ ಹೊಂದಿಸಿರುತ್ತಾರೆ. ಈ ಕಾರಿನ ಮುಂದಿನ 255 ಮಿ.ಮೀ. ಡಿಸ್ಕಿನ ಜಾಗಕ್ಕೆ 300 ಮಿ.ಮೀ. ಡಿಸ್ಕನ್ನೂ ಮೇಲೆ ಹೇಳಿದ ನಾಲ್ಕು ಪಿಸ್ಟನ್ನಿನ ಕ್ಯಾಲಿಪರನ್ನೂ ತಂದರೆ, ಪ್ಯಾಡು ಒತ್ತುವ ತ್ರಿಜ್ಯದಿಂದ ಶೇ. 20, ಪಿಸ್ಟನ್ನಿನಿಂದ ಶೇ. 10 ಸೇರಿ ಮುಂದಿನ ಬ್ರೇಕು ಶೇ. 32ರಷ್ಟು ಬಲಗೊಳ್ಳುತ್ತದೆ, ಹಿಂದಿನದು ಇದ್ದಂತೆಯೇ ಇರುತ್ತದೆ, ಹಂಚಿಕೆ 84ಕ್ಕೆ 16 ಆಗುತ್ತದೆ. ಇದರ ಪರಿಣಾಮ, ಮುಂದಿನ ಚಕ್ರಗಳು ಮೊದಲಿಗಿಂತ ಬೇಗ ಲಾಕ್ ಆಗುತ್ತವೆ, ಆ ಹೊತ್ತಿಗೆ ಹಿಂದಿನ ಚಕ್ರಗಳ ಹಿಡಿತದಲ್ಲಿ ಇನ್ನಷ್ಟು ಪಾಲು ಬಳಕೆಯಾಗದೆ ಉಳಿದಿರುತ್ತದೆ. ಎಬಿಎಸ್ ಇಲ್ಲದ ಇಂಥ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ, ಯಾವ ಚಕ್ರವೂ ಲಾಕ್ ಆಗದಂತೆ ನಿಲ್ಲಲು ಮೊದಲು 50.5 ಮೀಟರ್ ತೆಗೆದುಕೊಳ್ಳುತ್ತಿದ್ದುದು ಈಗ ಸುಮಾರು 54 ಮೀಟರ್ ತೆಗೆದುಕೊಳ್ಳುತ್ತದೆ. ದುಬಾರಿ ಬ್ರೇಕು ಹಾಕಿಸಿದ ಮೇಲೆ ಕಾರು ಮೂರು ಮೀಟರಿಗೂ ಹೆಚ್ಚು ಮುಂದೆ ಹೋಗಿ ನಿಲ್ಲುತ್ತದೆ.

ಮಳೆಯಲ್ಲಿ ಈ ಹೊಂದಾಣಿಕೆಯ ದೋಷ ಇನ್ನೂ ಹಿಗ್ಗುತ್ತದೆ. ಹಿಡಿತ ಕಡಿಮೆಯಿರುವಾಗ ಕಾರು ಮೆಲ್ಲಗೆ ನಿಧಾನಿಸುವುದರಿಂದ ಮುಂದಕ್ಕೆ ವಾಲುವ ಭಾರವೂ ಕಡಿಮೆ. ಗುಣಾಂಕ 0.5 ಇರುವ ಒದ್ದೆ ರಸ್ತೆಯಲ್ಲಿ ಅದೇ ಕಾರಿಗೆ ಬೇಕಾದ ಹಂಚಿಕೆ 71ಕ್ಕೆ 29ರಷ್ಟು, ಆದರೆ ಅದರಲ್ಲಿರುವುದು 84ಕ್ಕೆ 16. ಮುಂದಿನ ಚಕ್ರ ಲಾಕ್ ಆದರೆ ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ ಎಂಬುದನ್ನೂ ಇದರೊಡನೆ ನೆನೆಯಬೇಕು. ಆದರೂ ಪೆಡಲ್ ಮುಟ್ಟಿದೊಡನೆ ಕಾರು ಮುಗ್ಗರಿಸಿದಂತೆ ನಿಧಾನಿಸುವುದನ್ನು ಕಂಡ ಮಾಲೀಕರಿಗೆ ಬ್ರೇಕು ಅದ್ಭುತವಾಗಿದೆ ಎನ್ನಿಸುತ್ತದೆ. ಕಾಲಿಗೆ ತಿಳಿಯುವ ಚುರುಕು ಬೇರೆ, ಟೇಪು ಹಿಡಿದು ಅಳೆದಾಗ ಸಿಗುವ ದೂರ ಬೇರೆ ಎಂಬುದು ಅಳೆಯದವರಿಗೆ ಗೊತ್ತಾಗುವುದೇ ಇಲ್ಲ. 2019ರ ಏಪ್ರಿಲಿನಿಂದ ಭಾರತದಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾಗಿದೆ. ಅದು ಪ್ರತಿ ಚಕ್ರದ ಒತ್ತಡವನ್ನು ಬೇರೆಬೇರೆಯಾಗಿ ನಿಯಂತ್ರಿಸುವುದರಿಂದ ಮೇಲಿನ ನಷ್ಟದ ಬಹುಭಾಗವನ್ನು ತುಂಬಿಕೊಡುತ್ತದೆ ಎಂಬುದು ನಿಜ. ಆದರೆ ಆ ನಿಯಂತ್ರಕವನ್ನು ಮೂಲ ಕ್ಯಾಲಿಪರಿಗೆ ಎಷ್ಟು ಆಯಿಲ್ ಹೋದರೆ ಎಷ್ಟು ಒತ್ತಡ ಏರುತ್ತದೆ ಎಂಬ ಲೆಕ್ಕದ ಮೇಲೆ ಹದಗೊಳಿಸಲಾಗಿರುತ್ತದೆ; ಕ್ಯಾಲಿಪರ್ ಬದಲಾಗಿದ್ದು ಅದಕ್ಕೆ ತಿಳಿಯುವುದಿಲ್ಲ.

ಈಗ ಗಾಳಾದ ಕೆಲಸದ ಕಡೆಗೆ ಬರಬಹುದು. ಬೇರೆ ಕಾರಿನ ಕ್ಯಾಲಿಪರಿನ ಬೋಲ್ಟ್ ತೂತುಗಳು ಈ ಕಾರಿನ ನಕಲ್‌ಗೆ, ಅಂದರೆ ಚಕ್ರದ ಬೇರಿಂಗನ್ನು ಹೊತ್ತು ಸ್ಟಿಯರಿಂಗ್ ಜೊತೆ ತಿರುಗುವ ಎರಕದ ತುಂಡಿಗೆ, ಸರಿಹೊಂದುವುದು ವಿರಳ. ಆದ್ದರಿಂದ ಎರಡರ ನಡುವೆ ಒಂದು ಬ್ರಾಕೆಟ್ ಬೇಕಾಗುತ್ತದೆ. ಅಂಗೈಯಗಲದ, ನಾಲ್ಕು ತೂತುಗಳ ಆ ಪಟ್ಟಿಯನ್ನು ನೋಡಿದರೆ ಅದು ದೊಡ್ಡ ಕೆಲಸವೆನಿಸುವುದಿಲ್ಲ. ಆದರೆ ಮೇಲಿನ ಉದಾಹರಣೆಯ ಕಾರು ಜೋರಾಗಿ ನಿಲ್ಲುವಾಗ ಒಂದೊಂದು ಮುಂದಿನ ಚಕ್ರದ ಬ್ರಾಕೆಟ್ಟಿನ ಮೇಲೆ ಸುಮಾರು 700 ಕಿಲೋ ತೂಕಕ್ಕೆ ಸಮನಾದ ಬಲ ಬೀಳುತ್ತದೆ, ಅದೂ ಒಮ್ಮೆಯಲ್ಲ, ಕಾರಿನ ಆಯುಷ್ಯದಲ್ಲಿ ಲಕ್ಷಾಂತರ ಬಾರಿ, ಸಣ್ಣದೂ ದೊಡ್ಡದೂ ಆಗಿ. ಒಂದೇ ಹೊರೆಗೆ ಮುರಿಯದ ಲೋಹವೂ ಮತ್ತೆ ಮತ್ತೆ ಬೀಳುವ ಹೊರೆಗೆ ದಣಿದು, ಚೂಪು ಮೂಲೆಯಿಂದಲೋ ಉಳಿ ಗೀರಿದ ಗೆರೆಯಿಂದಲೋ ಬಿರುಕು ಬಿಡತೊಡಗುತ್ತದೆ. ಬ್ರಾಕೆಟ್ಟಿನ ಲೋಹ ಯಾವ ದರ್ಜೆಯದು, ಮೂಲೆಗಳನ್ನು ದುಂಡಗೆ ಮಾಡಲಾಗಿದೆಯೇ, ಬೋಲ್ಟು 10.9 ದರ್ಜೆಯದೇ ಅಥವಾ ಡಬ್ಬಿಯಲ್ಲಿ ಸಿಕ್ಕಿದ್ದೇ, ಅದನ್ನು ಟಾರ್ಕ್ ರೆಂಚಿನಿಂದ ಬಿಗಿಯಲಾಗಿದೆಯೇ, ಡಿಸ್ಕು ಎರಡು ಪ್ಯಾಡುಗಳ ನಡುವೆ ಸರಿಯಾಗಿ ಮಧ್ಯದಲ್ಲಿ ಕೂತಿದೆಯೇ, ಸ್ಟಿಯರಿಂಗ್ ಎರಡೂ ಕೊನೆಗೆ ತಿರುಗಿಸಿದಾಗ ಹೋಸ್ ಪೈಪು ಬಿಗಿಯುವುದಿಲ್ಲವೇ ಎಂಬಿವುಗಳು ಫಿಟ್ಟರನ ಕೈಚಳಕದ ಪ್ರಶ್ನೆಗಳಲ್ಲ, ಬರೆದಿಟ್ಟು ತಪಾಸಣೆ ಮಾಡಬೇಕಾದ ಸಂಗತಿಗಳು. ಔಷಧಿ ಕಂಪನಿಗೂ ರಾಸಾಯನಿಕ ಘಟಕಕ್ಕೂ ನೂರನೇ ಒಂದು ಮಿ.ಮೀ. ತಪ್ಪದಂತೆ ಬಿಡಿಭಾಗ ಮಾಡಿಕೊಡಬಲ್ಲ ಕೈಗಳು ತುರ್ಭೆಯಲ್ಲಿವೆ; ಆ ಕೈಗಳಿಗೆ ಬ್ರಾಕೆಟ್ಟಿನ ಸರಿಯಾದ ನಕ್ಷೆ ಯಾರೂ ಕೊಡುವುದಿಲ್ಲ ಎಂಬುದೇ ಇಲ್ಲಿನ ಕೊರತೆ.

ಬೇರೆ ಕಂಪನಿಯ ಕ್ಯಾಲಿಪರ್ ಎಂಬ ಮಾತೂ ಸ್ವಲ್ಪ ವಿವರಣೆ ಬೇಡುತ್ತದೆ. ಕಾರು ಕಂಪನಿಗಳಲ್ಲಿ ಹೆಚ್ಚಿನವು ಕ್ಯಾಲಿಪರನ್ನು ತಾವೇ ಮಾಡುವುದಿಲ್ಲ. ಗರ್ಲಿಂಗ್, ಲೂಕಾಸ್, ಸುಮಿಟೊಮೊ, ಅಕೆಬೊನೊ, ಬ್ರೆಂಬೊ ಮುಂತಾದ ಬ್ರೇಕ್ ತಯಾರಕರಿಂದ ಪಡೆಯುತ್ತ ಬಂದಿವೆ. ಭಾರತದಲ್ಲಿ 1962ರಲ್ಲಿ ಟಿವಿಎಸ್ ಬಳಗವೂ ಲೂಕಾಸ್ ಸಂಸ್ಥೆಯೂ ಸೇರಿ ಚೆನ್ನೈಯ ಪಾಡಿಯಲ್ಲಿ ಕಟ್ಟಿದ ಬ್ರೇಕ್ಸ್ ಇಂಡಿಯಾ ಹಲವು ಕಂಪನಿಗಳ ಕಾರುಗಳಿಗೆ ಬ್ರೇಕು ಒದಗಿಸುತ್ತ ಬಂದಿದೆ. ಜಪಾನಿನ ಡಾಟ್ಸನ್ 240ಝಡ್ ಕಾರಿಗೆ ಟೊಯೊಟಾ ಪಿಕಪ್ಪಿನ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ಹಾಕುವ ಪದ್ಧತಿ ಜಗತ್ತಿನಾದ್ಯಂತ ಹೆಸರಾದದ್ದು, ಎರಡೂ ಒಂದೇ ಮೂಲದ ವಿನ್ಯಾಸವಾಗಿದ್ದು ಬೋಲ್ಟ್ ತೂತುಗಳು ಹೊಂದಿಕೊಳ್ಳುತ್ತಿದ್ದುದರಿಂದ. ಹಾಗೆ ಮಾಡಿದವರು ಮುಂದೆ ಮಾಸ್ಟರ್ ಸಿಲಿಂಡರನ್ನೂ ದೊಡ್ಡದಕ್ಕೆ ಬದಲಿಸುವ, ಹಿಂದಿನ ಡ್ರಮ್ಮುಗಳ ಬಗ್ಗೆ ಯೋಚಿಸುವ ಅಗತ್ಯವನ್ನು ಕಂಡುಕೊಂಡರು. ಇದಕ್ಕೆ ವ್ಯತಿರಿಕ್ತವಾದ ಪಾಠವನ್ನು ಕಲಿಸುವುದು 1966ರಲ್ಲಿ ಬಂದ ವೋಲ್ವೊ 140. ಅದರ ಮುಂದಿನ ನಾಲ್ಕು ಪಿಸ್ಟನ್ನಿನ ಕ್ಯಾಲಿಪರಿನೊಳಗೆ ಎರಡು ಸರ್ಕ್ಯೂಟುಗಳೂ ಬೇರೆಬೇರೆಯಾಗಿ ಬಂದು ಸೇರುತ್ತವೆ. ಒಂದು ಸೋತರೂ ಉಳಿದದ್ದು ಮುಂದಿನ ಎರಡೂ ಚಕ್ರಗಳನ್ನೂ ಹಿಂದಿನ ಒಂದು ಚಕ್ರವನ್ನೂ ಹಿಡಿಯುತ್ತದೆ. ಅಂಥ ಕಾರಿಗೆ ಒಂದೇ ಪೈಪಿನ ಆಧುನಿಕ ಕ್ಯಾಲಿಪರ್ ಹಾಕಿದವರು ಎಷ್ಟೇ ಬಲ ಗಳಿಸಿದರೂ, ಆ ಕಾಲದಲ್ಲೇ ಅದರ ತಯಾರಕರು ಅಷ್ಟು ಎಚ್ಚರದಿಂದ ಕಟ್ಟಿದ್ದ ರಕ್ಷಣೆಯನ್ನು ಕಿತ್ತುಹಾಕಿದಂತೆಯೇ ಆಗುತ್ತದೆ.

ಮುಂಬಯಿಗೆ ಹೆಚ್ಚು ಹತ್ತಿರದ ಉದಾಹರಣೆ ಕುರ್ಲಾದಲ್ಲೇ ತಯಾರಾಗುತ್ತಿದ್ದ, ಕಪ್ಪು-ಹಳದಿ ಟ್ಯಾಕ್ಸಿಯಾಗಿ ದಶಕಗಟ್ಟಲೆ ದುಡಿದ ಪ್ರೀಮಿಯರ್ ಪದ್ಮಿನಿ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕಿದ್ದ ಈ ಕಾರನ್ನು ಇಂದು ಪ್ರೀತಿಯಿಂದ ಉಳಿಸಿಕೊಂಡವರಲ್ಲಿ ಕೆಲವರು ಅದರ ಮುಂಭಾಗಕ್ಕೆ ಬೇರೆ ಕಾರಿನ ಡಿಸ್ಕೂ ಕ್ಯಾಲಿಪರೂ ಕೂಡಿಸುತ್ತಾರೆ. ಇಂದಿನ ಸಂಚಾರದಲ್ಲಿ ಅದಕ್ಕೆ ಡಿಸ್ಕು ಬೇಕೆನ್ನುವುದು ನ್ಯಾಯವಾದ ಮಾತೇ. ಆದರೆ ಡ್ರಮ್ಮಿನ ಒಳಮೈಗೆ ಒತ್ತುವ ಶೂ ಡ್ರಮ್ಮಿನ ತಿರುಗಾಟದಿಂದಲೇ ಇನ್ನಷ್ಟು ಒತ್ತಿಕೊಳ್ಳುವ ಗುಣವುಳ್ಳದ್ದು. ಡಿಸ್ಕಿಗೆ ಆ ಸಹಾಯ ಇಲ್ಲದ ಕಾರಣ ಹೆಚ್ಚು ಒತ್ತಡ ಬೇಕು, ಬೂಸ್ಟರ್ ಬೇಕು. ಅದೂ ಅಲ್ಲದೆ, ಡ್ರಮ್ಮಿಗೆಂದು ಮಾಡಿದ ಹಳೆಯ ಕಾಲದ ಮಾಸ್ಟರ್ ಸಿಲಿಂಡರುಗಳಲ್ಲಿ ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುತ್ತದೆ. ಅದನ್ನು ತೆಗೆಯದೆ ಡಿಸ್ಕು ಕೂಡಿಸಿದರೆ ಪ್ಯಾಡು ಡಿಸ್ಕನ್ನು ಸದಾ ಉಜ್ಜುತ್ತ, ಕಾಯಿಸುತ್ತ ಇರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಇಂಥ ಬದಲಾವಣೆಯನ್ನು ಸಾರಾಸಗಟಾಗಿ ಖಂಡಿಸುವವರ ವಾದವನ್ನೂ ಒಪ್ಪಲಾಗದು. ಕಂಪನಿ ಕೊಟ್ಟದ್ದೇ ಅಂತಿಮ ಎನ್ನುವವರು ಮರೆಯುವ ಸಂಗತಿಯೆಂದರೆ, ಕಂಪನಿಯ ಆಯ್ಕೆಯಲ್ಲಿ ಸುರಕ್ಷೆಯ ಜೊತೆಗೆ ಬೆಲೆಯ ಲೆಕ್ಕವೂ ಸೇರಿರುತ್ತದೆ. ಒಂದೇ ಮಾದರಿಯ ಕಾರು ಬೇರೆ ದೇಶದಲ್ಲಿ ಹಿಂದೆಯೂ ಡಿಸ್ಕಿನೊಡನೆ, ಇಲ್ಲಿ ಡ್ರಮ್ಮಿನೊಡನೆ ಮಾರಾಟವಾದದ್ದುಂಟು. ಇಂಜಿನ್ನಿನ ಶಕ್ತಿ ಹೆಚ್ಚಿಸಿಕೊಂಡು ಬ್ರೇಕನ್ನು ಇದ್ದಂತೆ ಬಿಡುವವರಿಗೆ ಹೋಲಿಸಿದರೆ ಬ್ರೇಕಿನ ಬಗ್ಗೆ ಕಾಳಜಿ ಮಾಡುವ ಮಾಲೀಕರು ನಿಸ್ಸಂದೇಹವಾಗಿ ಹೆಚ್ಚು ವಿವೇಕಿಗಳು. ಅದೇ ಕಂಪನಿಯ, ಅದೇ ಬಳಗದ ಹೆಚ್ಚು ಭಾರದ ಮಾದರಿಯಿಂದ ಡಿಸ್ಕು, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ ಮೂರನ್ನೂ ಒಟ್ಟಾಗಿ ತಂದು ಕೂಡಿಸುವುದು ಸರಿಯಾಗಿ ಮಾಡಿದಲ್ಲಿ ಒಳ್ಳೆಯ ಇಂಜಿನಿಯರಿಂಗೇ. ಖಂಡನೆಗೆ ಅರ್ಹವಾದುದು ತೋರಿಕೆಗಾಗಿ ಮಾಡುವ ಕೆಲಸ: ಖ್ಯಾತ ಹೆಸರು ಕೆತ್ತಿದ ನಕಲಿ ಕ್ಯಾಲಿಪರು, ಅಪಘಾತವಾದ ಕಾರಿನಿಂದ ಬಿಚ್ಚಿ ಸೀಲುಗಳನ್ನೂ ಬದಲಿಸದೆ ಬಣ್ಣ ಬಳಿದು ಮಾರಿದ ಮಾಲು, ಮೂಲ ಕ್ಯಾಲಿಪರಿನ ಮೇಲೆ ಅಂಟಿಸುವ ಕೆಂಪು ಪ್ಲಾಸ್ಟಿಕ್ ಕವರು.

ಕಾನೂನು ಈ ಎರಡು ಬಗೆಯ ಕೆಲಸಗಳ ನಡುವೆ ಭೇದವೆಣಿಸುವುದಿಲ್ಲ ಎಂಬುದೇ ಇಂದಿನ ಸ್ಥಿತಿಯ ದೊಡ್ಡ ದೋಷ. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗ ಕೂಡಿಸಿ ವಾಹನ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು. ಆದರೆ ನೋಂದಣಿ ಪತ್ರದಲ್ಲಿ ಕ್ಯಾಲಿಪರಿನ ಅಳತೆ ಇರುವುದಿಲ್ಲ. ಸ್ವಂತ ಬಳಕೆಯ ಕಾರು ಹದಿನೈದು ವರ್ಷ ತುಂಬುವವರೆಗೆ ಫಿಟ್‌ನೆಸ್ ತಪಾಸಣೆಗೆ ಬರುವುದೂ ಇಲ್ಲ. ಹೀಗಾಗಿ ನವಿ ಮುಂಬಯಿಯ ಎಂಎಚ್-43 ಫಲಕದ ಕಾರೊಂದರಲ್ಲಿ ಬೇರೆ ಬ್ರೇಕಿದೆ ಎಂಬುದು ಯಾರ ಗಮನಕ್ಕೂ ಬಾರದೆ, ಅಪಘಾತವಾಗಿ ವಿಮಾ ಕಂಪನಿ ಪ್ರಶ್ನೆ ಎತ್ತಿದಾಗ ಮಾತ್ರ ಹೊರಬೀಳಬಹುದು. ಎಚ್ಚರದಿಂದ ಮಾಡಿದವರಿಗೆ ಮನ್ನಣೆಯಿಲ್ಲ, ಬೇಜವಾಬ್ದಾರಿಯಿಂದ ಮಾಡಿದವರಿಗೆ ತಡೆಯಿಲ್ಲ.

ಬೇರೆ ದೇಶಗಳು ಇದಕ್ಕೆ ದಾರಿ ಕಂಡುಕೊಂಡಿವೆ. ಜರ್ಮನಿಯಲ್ಲಿ ಬಿಡಿಭಾಗಕ್ಕೆ ಪರೀಕ್ಷಾ ವರದಿ ಇದ್ದು, ಅದನ್ನು ಕೂಡಿಸಿದ ಮೇಲೆ ಟಿಯುವಿಯಂಥ ಅಧಿಕೃತ ಸಂಸ್ಥೆಯ ಪರಿಣತರು ನೋಡಿ ಒಪ್ಪಿದರೆ ವಾಹನದ ದಾಖಲೆಯಲ್ಲಿ ಆ ಮಾರ್ಪಾಡು ನಮೂದಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಲಘು ವಾಹನಗಳ ಮಾರ್ಪಾಡಿಗೆಂದೇ ಇರುವ ವಿಎಸ್‌ಬಿ 14 ಎಂಬ ಮಾರ್ಗಸೂಚಿಯಲ್ಲಿ ಬ್ರೇಕಿಗೆ ಪ್ರತ್ಯೇಕ ಅಧ್ಯಾಯವಿದೆ. ಭಾರತಕ್ಕೂ ಇದು ಅಪರಿಚಿತ ದಾರಿಯಲ್ಲ. ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಕೂಡಿಸುವಾಗ ಅನುಮೋದಿತ ಕಿಟ್ಟು, ಅಧಿಕೃತ ಕೇಂದ್ರ, ನೋಂದಣಿ ಪತ್ರದಲ್ಲಿ ನಮೂದು ಈ ಮೂರೂ ಇವೆ. ಅನಿಲದ ಸಿಲಿಂಡರನ್ನು ಡಿಕ್ಕಿಯಲ್ಲಿ ಕೂಡಿಸಲು ಇರುವ ಕ್ರಮ ಬ್ರೇಕಿಗೆ ಇಲ್ಲದಿರುವುದಕ್ಕೆ ಸಮರ್ಥನೆ ಕಾಣುವುದಿಲ್ಲ. ತುರ್ಭೆಯಿಂದ, ವಾಹನಗಳ ಪರೀಕ್ಷೆ ನಡೆಸುವ ಪುಣೆಯ ಎಆರ್‌ಎಐ ಸಂಸ್ಥೆ ಮೂರು ಗಂಟೆಯ ದಾರಿಯಷ್ಟೇ. ನಾಲ್ಕೂ ಚಕ್ರಗಳ ಬ್ರೇಕಿನ ಬಲವನ್ನು ಬೇರೆಬೇರೆಯಾಗಿ ಅಳೆಯುವ ರೋಲರ್ ಯಂತ್ರಗಳು ಸ್ವಯಂಚಾಲಿತ ತಪಾಸಣಾ ಕೇಂದ್ರಗಳಿಗೆ ಬರುತ್ತಿವೆ. ಅದೇ ಯಂತ್ರದ ಮೇಲೆ ಬದಲಾವಣೆಗೆ ಮೊದಲೊಮ್ಮೆ, ನಂತರವೊಮ್ಮೆ ಕಾರನ್ನು ಅಳೆದು, ಮುಂದು-ಹಿಂದಿನ ಹಂಚಿಕೆ ಮಿತಿಯೊಳಗಿದ್ದರೆ ಶುಲ್ಕ ಪಡೆದು ನೋಂದಣಿ ಪತ್ರದಲ್ಲಿ ನಮೂದಿಸುವ ನಿಯಮವನ್ನು ಕೇಂದ್ರ ಸಾರಿಗೆ ಸಚಿವಾಲಯ ರೂಪಿಸಬೇಕು. ಅದಕ್ಕೆ ಬೇಕಾದ ತಂತ್ರಜ್ಞಾನವಾಗಲಿ ಪರಿಣತರಾಗಲಿ ಹೊರಗಿನಿಂದ ಬರಬೇಕಾಗಿಲ್ಲ.

ಅಂಥ ನಿಯಮ ಬರುವವರೆಗೆ ಅನುಮೋದನೆಯಿಲ್ಲದ ಮಾರ್ಪಾಡು ಕಾನೂನಿನ ಕಣ್ಣಿಗೆ ಮಾಲೀಕರದೇ ಅಪಾಯ ಎಂಬುದನ್ನು ಮರೆಯಬಾರದು. ಆದರೂ ಇಂಥ ಕೆಲಸಕ್ಕೆ ಕೈಹಾಕುವವರು ಮೂಲ ಮತ್ತು ಹೊಸ ಪಿಸ್ಟನ್ನುಗಳ ವ್ಯಾಸ, ಡಿಸ್ಕುಗಳ ವ್ಯಾಸ ಮತ್ತು ತೂಕ, ಮಾಸ್ಟರ್ ಸಿಲಿಂಡರಿನ ಅಳತೆ, ಲೆಕ್ಕ ಹಾಕಿದ ಮುಂದು-ಹಿಂದಿನ ಹಂಚಿಕೆ, ಬ್ರಾಕೆಟ್ಟಿನ ಲೋಹ, ಬೋಲ್ಟಿನ ದರ್ಜೆ ಮತ್ತು ಬಿಗಿತ ಇಷ್ಟನ್ನು ಗ್ಯಾರೇಜಿನವರಿಂದ ಒಂದು ಹಾಳೆಯಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳಬೇಕು. ಅದನ್ನು ಬರೆದುಕೊಡಲು ಒಪ್ಪದ ಗ್ಯಾರೇಜಿಗೆ ಕಾರಿನ ಕೀ ಕೊಡಬಾರದು.